ತರಗತಿ ಸಂಜೆ, ಕೌಂಟರ್ ಮಾತ್ರ ಹಗಲಲ್ಲಿ

ಕೆಲಸ ಮಾಡುತ್ತಾ ಓದುವವರಿಗಾಗಿ ವಿಶ್ವವಿದ್ಯಾಲಯಗಳು ಹೊಸ ಹೊಸ ಕೋರ್ಸ್ ಶುರು ಮಾಡುತ್ತಿವೆ. ಒಳ್ಳೇದೇ. ನನ್ನ ತಕರಾರಿರೋದು ಕೋರ್ಸ್ ಬಗ್ಗೆ ಅಲ್ಲ, ಅದರ ಸುತ್ತ ಇರುವ ವ್ಯವಸ್ಥೆ ಬಗ್ಗೆ. ತರಗತಿ ಸಂಜೆ ಇಡುತ್ತಾರೆ, ಆದರೆ ಫೀಸ್ ಕಟ್ಟೋದು, ಅರ್ಜಿಗೆ ಸಹಿ ಹಾಕಿಸೋದು, ಅಂಕಪಟ್ಟಿ ತಿದ್ದಿಸೋದು ಎಲ್ಲ ಹಗಲು ಹೊತ್ತಲ್ಲೇ. ಒಂದು ಸಹಿಗಾಗಿ ಅರ್ಧ ದಿನ ರಜೆ ಹಾಕಬೇಕು. ಆ ಸಾಹೇಬರು ಸೀಟಲ್ಲಿ ಇಲ್ಲ ಅಂದರೆ ಇನ್ನೊಂದು ರಜೆ. ಹೀಗೆ ಓಡಾಡಿ ಸಾಕಾಗಿ ಬಿಟ್ಟವರನ್ನು 'ಆಸಕ್ತಿ ಇಲ್ಲದವರು' ಅಂತ ಲೆಕ್ಕಕ್ಕೆ ಹಾಕಿಬಿಡುತ್ತಾರೆ, ಅಷ್ಟೇ.

ಇದೇನು ಹೊಸ ಸಮಸ್ಯೆ ಅಲ್ಲ. ಲಂಡನ್ನಿನಲ್ಲಿ ದುಡಿಯುವವರಿಗಾಗಿ 1823ರಲ್ಲೇ ಶುರುವಾದ ಸಂಸ್ಥೆ ಇವತ್ತಿನ ಬರ್ಕ್‌ಬೆಕ್, ಅದು ಹೆಸರಾಗಿರೋದೇ ಸಂಜೆ ಪಾಠಕ್ಕೆ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಕಾಲೇಜಿಗೆ ಹೋಗದವರಿಗೂ ಪರೀಕ್ಷೆ ಬರೆದು ಪದವಿ ಪಡೆಯಲು ಅವಕಾಶ ಕೊಟ್ಟಿತು. ಹಾಗಿದ್ದ ಮೇಲೆ, ಹಾಜರಾತಿ ಸಡಿಲ ಮಾಡಿದರೆ ಗುಣಮಟ್ಟ ಇಳಿಯುತ್ತದೆ ಅನ್ನುವ ವಾದವನ್ನು ನಾನು ಹೇಗೆ ಒಪ್ಪಲಿ? ಪರೀಕ್ಷೆ ಕಷ್ಟ ಇರಲಿ, ಬೇಡ ಅಂದವರು ಯಾರು? ಬೆಂಚಿನ ಮೇಲೆ ಎಷ್ಟು ಗಂಟೆ ಕೂತರು ಅನ್ನೋದಕ್ಕೂ ಎಷ್ಟು ಕಲಿತರು ಅನ್ನೋದಕ್ಕೂ ಏನು ಸಂಬಂಧ?

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಬಗ್ಗೆ ಮಾತಾಡುವಾಗ ಎಲ್ಲರೂ ಟಿವಿ, ರೇಡಿಯೋ ಪಾಠದ ಕಥೆ ಹೇಳುತ್ತಾರೆ. 1969ರಲ್ಲಿ ಸ್ಥಾಪನೆ, 1971ರಲ್ಲಿ ಪಾಠ ಶುರು, ಹಿಂದಿನ ಸರ್ಟಿಫಿಕೇಟ್ ಕೇಳದೇ ಪ್ರವೇಶ. ಸರಿ. ಆದರೆ ನನಗೆ ಮುಖ್ಯ ಅನಿಸೋದು ಇನ್ನೊಂದು ವಿಷಯ: ಅಲ್ಲಿ ವಿದ್ಯಾರ್ಥಿಗೆ ಒಬ್ಬ ಟ್ಯೂಟರ್ ಇರುತ್ತಾರೆ. ಅಸೈನ್‌ಮೆಂಟ್ ಓದಿ ಎಲ್ಲಿ ತಪ್ಪಿದೆ ಅಂತ ಬರೆದು ಕಳಿಸುವ ಒಬ್ಬ ಮನುಷ್ಯ! ಈಗ ನಾವು 'ಎಲ್ಲಾ ಆನ್‌ಲೈನ್ ಮಾಡಿಬಿಟ್ಟರೆ ಮುಗೀತು' ಅಂತಿದ್ದೇವಲ್ಲ, ಅಲ್ಲಿ ಈ ಮನುಷ್ಯನನ್ನೇ ತೆಗೆದುಹಾಕುತ್ತಿದ್ದೇವೆ. ಶಾಲೆ ಬಿಟ್ಟು ಎಷ್ಟೋ ವರ್ಷವಾದವರು, ಕೆಲಸ ಮುಗಿಸಿ ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆಗೆದು ಕೂತಾಗ ಮೊದಲ ಲೆಕ್ಕದಲ್ಲೇ ಸಿಕ್ಕಿಕೊಂಡರೆ ಯಾರನ್ನು ಕೇಳಬೇಕು? ರೆಕಾರ್ಡ್ ಮಾಡಿದ ವಿಡಿಯೋ ಉತ್ತರ ಕೊಡುತ್ತದಾ?

ಇನ್ನು, ಅನುಭವಕ್ಕೆ ಬೆಲೆ. ಹದಿನೈದು ವರ್ಷ ಲೆಕ್ಕಪತ್ರ ನೋಡಿಕೊಂಡವರನ್ನು ಮೊದಲ ಸೆಮಿಸ್ಟರಿನ ಅಕೌಂಟಿಂಗ್ ಪಾಠಕ್ಕೆ ಕೂರಿಸೋದು ಸುಮ್ನೆ ಕಾಲಹರಣ ಅಲ್ವಾ? ಫ್ರಾನ್ಸಿನಲ್ಲಿ 2002ರ ಕಾನೂನು ಕೆಲಸದ ಅನುಭವವನ್ನೇ ದಾಖಲೆ ಸಮೇತ ತೀರ್ಪುಗಾರರ ಮುಂದಿಟ್ಟು ಇಡೀ ಪದವಿ ಪಡೆಯಲು ದಾರಿ ಮಾಡಿತು. ಸಂಪೂರ್ಣ ಪದವಿ ಕೊಡೋದು ಜಾಸ್ತಿ ಆಯ್ತು ಅನ್ನಿಸಿದರೆ ಒಂದೆರಡು ವಿಷಯಕ್ಕಾದರೂ ವಿನಾಯಿತಿ ಕೊಡಲಿ.

ನಡುವೆ ನಿಲ್ಲಿಸೋದಕ್ಕೂ ಅವಕಾಶ ಬೇಕು. ಶಿಫ್ಟ್ ಬದಲಾಗುತ್ತದೆ, ಮನೆಯಲ್ಲಿ ಯಾರೋ ಹಾಸಿಗೆ ಹಿಡಿಯುತ್ತಾರೆ, ಒಂದು ಸೆಮಿಸ್ಟರ್ ತಪ್ಪುತ್ತದೆ. ತಿರುಗಿ ಬಂದಾಗ ಹಳೇ ಕ್ರೆಡಿಟ್ ಹಾಗೇ ಇರಬೇಕು, ಮೊದಲಿಂದ ಫೀಸ್ ಕಟ್ಟಿ ಅನ್ನಬಾರದು.

ಮುಂದಿನ ಕೋರ್ಸ್ ಘೋಷಿಸುವ ಮೊದಲು ಒಂದು ಕೆಲಸ ಮಾಡಲಿ. ಅರ್ಧಕ್ಕೆ ಬಿಟ್ಟವರ ಪಟ್ಟಿ ಕಚೇರಿಯಲ್ಲೇ ಇರುತ್ತದೆ. ಅವರಿಗೆ ಫೋನ್ ಮಾಡಿ ಯಾಕೆ ಬಿಟ್ಟಿರಿ ಅಂತ ಕೇಳಲಿ. ಸಂಜೆ ಏಳರ ಮೇಲೆ ಮಾಡಲಿ, ಹಗಲಲ್ಲಿ ಅವರು ಕೆಲಸದಲ್ಲಿರುತ್ತಾರೆ.