ಬೆಂಕಿ ನಿಲ್ಲಿಸಿದ್ದು ಯಾರು?

ನಿಮ್ಮ ಹುಲಿ ಲೇಖನದಲ್ಲಿ, ಜನರನ್ನು ಹೊರಗೆ ಕಳಿಸಿದರೆ ಕಾಡು ತಾನೇ ಚೇತರಿಸಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಒಮ್ಮೆ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ನೋಡಿ ಸಾರ್. ಎಷ್ಟೋ ಕಡೆ ಆಳೆತ್ತರ ಲಂಟಾನ ಎಂಬ ಹೊರಗಿನಿಂದ ಬಂದ ಪೊದೆ, ಕಾಲಿಡಲು ಜಾಗ ಇಲ್ಲ. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಮೊದಲು ಬೇಸಿಗೆ ಜೋರಾಗುವ ಮುಂಚೆಯೇ ಒಣಗಿದ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಅಂತಾರೆ. ಅದರಿಂದ ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿ ಮರದ ರಸ ಹೀರುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಅಂತ ಅಲ್ಲಿನ ಹಿರಿಯರ ಮಾತು. 1974ರಲ್ಲಿ ಈ ಕಾಡು ಅಭಯಾರಣ್ಯ ಆಯಿತು. ಬೆಂಕಿ ಬಂದ್, ಕಾಡೊಳಗಿನ ಬೇಸಾಯವೂ ಬಂದ್. ಲಂಟಾನ ಹಬ್ಬಲು ಅದೊಂದೇ ಕಾರಣ ಅಂತ ನಾನು ವಾದಿಸುವುದಿಲ್ಲ, ಆದರೆ ಆ ಹಿರಿಯರನ್ನು ಕೇಳಿ ನಿಯಮ ಮಾಡಬಹುದಿತ್ತು ಅಲ್ವಾ?

ಇನ್ನೊಂದು ವಿಷಯ. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿ ತರುವುದು ಈಗ ಕಳ್ಳತನ ಅಲ್ಲ, ಅವರ ಹಕ್ಕು. ನಿಮ್ಮ ಲೇಖನದಲ್ಲಿ ಹುಲಿಯ ಕಥೆ ಮಾತ್ರ ಇದೆ, ಇದರ ಬಗ್ಗೆ ಒಂದು ಸಾಲೂ ಇಲ್ಲ. ಸೋಲಿಗರ ಹಾಡಿಗೆ ಪೋಡು ಅಂತಾರೆ; ಅಂಥ ಒಂದು ಪೋಡಿನಲ್ಲಿ ಒಬ್ಬ ಅಜ್ಜ ಟ್ರಂಕಿನಿಂದ ಹಕ್ಕುಪತ್ರದ ಜೆರಾಕ್ಸ್ ತೆಗೆದು ನನಗೆ ತೋರಿಸಿದ್ದರು. ಎರಡು ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿಟ್ಟಿದ್ದರು.