ಹಸಿರು ಹಾವು ಯಾರ ಕಣ್ಣನ್ನೂ ಕೀಳುವುದಿಲ್ಲ

ಮೊನ್ನೆ ಬೆಳಿಗ್ಗೆ ಅಮ್ಮ ಪೂಜೆಗೆ ಹೂ ಕೊಯ್ಯಲು ಹೋದವರು ದಾಸವಾಳದ ಗಿಡದ ಮುಂದೆ ಹಾಗೇ ನಿಂತುಬಿಟ್ಟರು. ಮುಖದಿಂದ ಎರಡು ಅಡಿ ದೂರದಲ್ಲಿ ಹಸಿರು ಬಳ್ಳಿ ಹಾವು. ಪಕ್ಕದ ಮನೆಯವರು ದೋಟಿ ಹಿಡಿದು ಓಡಿ ಬಂದರು. 'ಕಣ್ಣಿಗೇ ಹೊಡೆಯುತ್ತೆ, ಬಿಡಬೇಡಿ' ಅಂದರು.

ಈ ಮಾತಿಗೇ ಎಷ್ಟು ಹಾವು ಸತ್ತಿವೆಯೋ! ತಮಿಳಿನಲ್ಲೂ ಇದು ಕಣ್ಣು ಕುಕ್ಕುವ ಹಾವೇ. ಇದರ ಕುಲದ ವೈಜ್ಞಾನಿಕ ಹೆಸರು 'ಅಹೇತುಲ್ಲಾ' ಬಂದಿರುವುದು ಸಿಂಹಳದಿಂದ, ಅರ್ಥ ಅದೇ. ನನಗನ್ನಿಸುವುದು ಇಷ್ಟು: ಇದು ಪೊದೆಯಲ್ಲಿ ನಮ್ಮ ಮುಖದ ಎತ್ತರಕ್ಕೇ ಇರುತ್ತದೆ, ಮೂತಿ ಚೂಪು. ಕಾಣದೆ ಹತ್ತಿರ ಹೋದರೆ ಹೆದರಿ ಬಾಯಿ ತೆರೆದು ಮುಂದೆ ಬರುತ್ತದೆ. ಕಣ್ಣನ್ನು ಹುಡುಕಿಕೊಂಡು ಬರುವುದಿಲ್ಲ.

ನೋಡಬೇಕಾದದ್ದು ಅದರ ಕಣ್ಣನ್ನು. ಪಾಪೆ ಅಡ್ಡಕ್ಕೆ, ಬೀಗದ ಕೈ ತೂರಿಸುವ ಕಂಡಿಯ ಹಾಗಿದೆ. ಕಣ್ಣಿನಿಂದ ಮೂತಿಯ ತುದಿವರೆಗೆ ಒಂದು ಸಣ್ಣ ಕಾಲುವೆ. ಅದರ ಗುಂಟ ಎರಡೂ ಕಣ್ಣು ನೇರ ಮುಂದಕ್ಕೆ ನೋಡುತ್ತವೆ, ಓತಿಕ್ಯಾತ ಎಷ್ಟು ದೂರದಲ್ಲಿದೆ ಅಂತ ಸರಿಯಾಗಿ ಅಳೆಯುತ್ತವೆ. ಗಾಳಿ ಬೀಸಿದಾಗ ಎಲೆಯ ಜೊತೆ ತಾನೂ ಮೆಲ್ಲಗೆ ತೂಗುತ್ತದೆ. ಅಮ್ಮನಿಗೆ ಮೊದಲು ಕಾಣದೇ ಇದ್ದದ್ದು ಅದಕ್ಕೇ.

ವಿಷ ಇದೆಯಾ? ಇದೆ, ಸ್ವಲ್ಪ. ವಿಷದ ಹಲ್ಲುಗಳು ಬಾಯಿಯ ಹಿಂಭಾಗದಲ್ಲಿವೆ, ಅವುಗಳಲ್ಲಿ ಗೀರು. ಬೇಟೆಯನ್ನು ಕಚ್ಚಿ ಹಿಡಿದು ಜಗಿದಾಗ ವಿಷ ಆ ಗೀರಿನಲ್ಲಿ ಇಳಿಯುತ್ತದೆ. ಓತಿ, ಕಪ್ಪೆಗೆ ಅದು ಸಾಕು. ಮನುಷ್ಯರಿಗೆ ನೋವು, ಊತ, ಮರಗಟ್ಟುವಿಕೆ, ಅಷ್ಟೇ. ಆದರೆ ಸುಮ್ನೆ ಕೈಯಲ್ಲಿ ಹಿಡಿಯಲು ಹೋಗಬೇಡಿ. ಮಲೆನಾಡಿನಲ್ಲಿ ಗುಳಿಮಂಡಲ ಅನ್ನುವ ಇನ್ನೊಂದು ಹಾವೂ ಹಸಿರು ಬಣ್ಣದ್ದಿರಬಹುದು, ಅದರ ವಿಷ ಜಾಸ್ತಿ. ಅದು ದಪ್ಪ, ತಲೆ ತ್ರಿಕೋನ. ಯಾವ ಹಾವು ಕಚ್ಚಿತೆಂದು ಗೊತ್ತಿಲ್ಲದಿದ್ದರೆ ನೇರ ಆಸ್ಪತ್ರೆಗೇ ಹೋಗಿ.

ಇನ್ನೊಂದು ಮಾತು. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬಸುರಿ ಹಾವನ್ನು ಹೊಡೆದರೆ ಒಂದು ಹೊಡೆತಕ್ಕೆ ಎಷ್ಟು ಜೀವ ಹೋದವು, ಲೆಕ್ಕ ಹಾಕಿ. ನಾವೆಲ್ಲ ಒಂದೇ ಜಾತಿ ಅಂದುಕೊಂಡಿದ್ದ ಈ ಹಾವಿನಲ್ಲಿ ಹಲವು ಪ್ರಭೇದಗಳಿವೆ, ಪಶ್ಚಿಮ ಘಟ್ಟದವು ಬೇರೆಯೇ ಅಂತ ವಿಜ್ಞಾನಿಗಳು ತೋರಿಸಿದ್ದೇ 2020ರಲ್ಲಿ. ಹೆಸರು ಸರಿಯಾಗಿ ತಿಳಿಯುವ ಮೊದಲೇ ದೋಟಿ ಎತ್ತುತ್ತಿದ್ದೇವೆ ಅಲ್ವಾ, ಅದೇ ನನಗೆ ಸಂಕಟ.

ಪಕ್ಕದವರು ದೋಟಿ ಕೆಳಗಿಟ್ಟರು. ಹಾವು ಮೈ ಉಬ್ಬಿಸಿತ್ತು, ಹಸಿರಿನ ನಡುವೆ ಕಪ್ಪು ಬಿಳಿ ಗೆರೆ ಕಾಣುತ್ತಿದ್ದವು. ನಾವು ನಾಲ್ಕು ಹೆಜ್ಜೆ ಹಿಂದೆ ಸರಿದ ಮೇಲೆ ಆ ಗೆರೆಗಳು ಒಂದೊಂದಾಗಿ ಮುಚ್ಚಿಕೊಂಡವು. ಅಮ್ಮ ಗಿಡದ ಈಚೆ ಬದಿಗೆ ಬಂದು ಐದು ಹೂ ಕೊಯ್ದುಕೊಂಡರು.