ಆಘಾತ ಇರೋರು ಕೈ ಎತ್ರಪ್ಪಾ
ನಮ್ಮ ಕಡೆ ಒಂದು ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರಿಗೆ ಆಪ್ತ ಸಮಾಲೋಚಕರ ಹೆಚ್ಚುವರಿ ಪ್ರಭಾರ ಕೊಟ್ಟವ್ರೆ. ಅವರೇ ಯಾಕೆ ಅಂದ್ರೆ, ಸೈನ್ಸ್ ಮೇಡಮ್ಮಿಗೆ ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಇದೆ, ಕನ್ನಡ ಮೇಷ್ಟ್ರು ವೋಟರ್ ಲಿಸ್ಟ್ ನೋಡ್ಕಳೋ ಬಿಎಲ್‌ಒ, ಮ್ಯಾಥ್ಸ್‌ನೋರಿಗೆ ಆನ್‌ಲೈನ್ ಎಂಟ್ರಿ, ಉಳಿದಿದ್ದು ಇವರೊಬ್ರೇ ನೋಡಿ, ಜೊತೆಗೆ ಕೊರಳಲ್ಲಿ ವಿಷಲ್ ಬೇರೆ ಇದೆ. ಕೈಯಲ್ಲಿರೋದು ಬೆತ್ತ ಅಲ್ಲ, ಶಿಕ್ಷಣ ಹಕ್ಕು ಕಾಯ್ದೆ, ಅದೇ ಆರ್‌ಟಿಇ, ಅದರ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯೋದೂ ಮಾನಸಿಕ ಹಿಂಸೆ ಕೊಡೋದೂ ಎರಡೂ ನಿಷೇಧ ಆಗಿರೋದ್ರಿಂದ ಅದನ್ನ ಈಗ ಪಾಯಿಂಟರ್ ಅಂತಾರೆ.

ಮೇಲಿಂದ ಸುತ್ತೋಲೆ ಬಂತು, ಮಾನಸಿಕ ಆಘಾತಕ್ಕೊಳಗಾದ ಮಕ್ಕಳನ್ನ ಸೂಕ್ಷ್ಮವಾಗಿ ಗುರುತಿಸಿ ಸಂಜೆ 4ರೊಳಗೆ ಅನುಪಾಲನಾ ವರದಿ ಕಳಿಸಿ ಅಂತ, ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಮೇಷ್ಟ್ರು ಎಂಟನೇ ಕ್ಲಾಸಿಗೆ ಹೋಗಿ ಸೂಕ್ಷ್ಮವಾಗಿ, ಅಂದ್ರೆ ವಿಷಲ್ ಊದದೇನೇ, "ಆಘಾತ ಇರೋರು ಕೈ ಎತ್ರಪ್ಪಾ" ಅಂದ್ರು. ಮೂರು ಕೈ ಎದ್ದವು. ಎರಡು ಬಾತ್‌ರೂಮಿಗೆ. ಮೂರನೇ ಹುಡುಗನ್ನ ನಿಲ್ಲಿಸಿ "ಏನಾಗಿದ್ಯೋ ನಿಂಗೆ, ಎಲ್ಲರಿಗೂ ಕೇಳೋ ಥರ ಹೇಳು" ಅಂದ್ರು, ಅವನು ಏನೂ ಇಲ್ಲ ಸಾರ್ ಅಂತ ಕೂತ್ಕಂಡ. ಆಘಾತ: ನಿಲ್. ಫೋಟೋ ಲಗತ್ತಿಸಿದೆ.

ಇದಕ್ಕಿಂತ ದೂರು ಪೆಟ್ಟಿಗೆ ಕಥೆ ಚೆಂದ. ಎಚ್ಚೆಮ್ ರೂಮಿನ ಬಾಗಿಲ ಪಕ್ಕದಲ್ಲೇ ಅದನ್ನ ನೇತಾಕಿರೋದು, ಯಾರ್ ಚೀಟಿ ಹಾಕಿದ್ರೂ ಒಳಗೆ ಕೂತೋರಿಗೆ ಕಾಣ್ಬೇಕಲ್ಲ. ತೆಗೆದ್ರೆ ಚಾಕ್ಲೇಟ್ ಕವರ್ರು, ಸವೆದ ಸೀಮೆಸುಣ್ಣ, ಮತ್ತೆ ನಾಲ್ಕಾಗಿ ಮಡಚಿದ್ದೊಂದು ಹಾಳೆ: "ಪಿಟಿ ಸಾರ್ ಹೊಡೀತಾರೆ". ಗಂಭೀರ ವಿಷ್ಯ ಅಂತ ಎಚ್ಚೆಮ್ ತಕ್ಷಣ ಅದನ್ನ ಆಪ್ತ ಸಮಾಲೋಚಕರಿಗೆ ವರ್ಗಾಯಿಸಿದ್ರು. ಸಮಾಲೋಚಕರು ಅಕ್ಷರ ನೋಡೇ ಹುಡುಗ ಯಾರು ಅಂತ ಕಂಡುಹಿಡಿದ್ರು, ಗೌಪ್ಯತೆ ಕಾಪಾಡೋ ದೃಷ್ಟಿಯಿಂದ ಗ್ರೌಂಡಿನ ಆ ಕೊನೇಗೆ ಕರ್ಕಂಡು ಹೋದ್ರು.

ಸುಪ್ರೀಂ ಕೋರ್ಟು 2025ರ ಜುಲೈ 25ಕ್ಕೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿ ಕೊಡ್ತು. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರೋ ಕಡೆ ಅರ್ಹತೆ ಇರೋ ಒಬ್ಬ ಸಮಾಲೋಚಕರಾದ್ರೂ ಬೇಕು, ಸಿಬ್ಬಂದಿಗೆ ವರ್ಷಕ್ಕೆರಡು ಸಲ ತರಬೇತಿ ಆಗ್ಬೇಕು, ಮಾರ್ಕ್ಸ್ ನೋಡಿ ಬ್ಯಾಚ್ ಒಡೀಬಾರ್ದು, ಎಲ್ಲರೆದುರು ಮಾನ ಕಳೀಬಾರ್ದು, ಹಾಸ್ಟೆಲ್‌ಗಳಲ್ಲಿ ಮಕ್ಕಳು ಜೀವ ಕಳ್ಕೊಳ್ಳೋಕೆ ಬಳಸೋಕಾಗದಂಥ ಸೇಫ್ಟಿ ಫ್ಯಾನ್ ಹಾಕ್ಬೇಕು. ಇಷ್ಟರಲ್ಲಿ ಟೆಂಡರ್ ಕರೆದು ಮುಗಿಸೋಕಾಗೋದು ಯಾವ್ದು ಹೇಳಿ? ಫ್ಯಾನು. ಫ್ಯಾನಿಗೆ ಸಂಬಳ ಬೇಡ, ಪಿಂಚಣಿ ಬೇಡ, ಟ್ರಾನ್ಸ್‌ಫರ್ ಕೇಳಲ್ಲ. ಹಾಕ್ಲಿ, ಒಂದು ಜೀವ ಉಳಿದ್ರೂ ಉಳೀತು, ಅದ್ರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಅದು ಹುಡುಗನ್ನ ಊಟ ಆಯ್ತೇನಪ್ಪಾ ಅಂತ ಕೇಳಲ್ವಲ್ಲ.

ಬ್ಯಾಚ್ ಒಡೀಬಾರ್ದು ಅಂದಿದ್ದಕ್ಕೆ ನಮ್ಮ ಪ್ರೈವೇಟಿನೋರು ಒಪ್ಪಿದ್ದಾರೆ, ಎ ಸೆಕ್ಷನ್ ಬಿ ಸೆಕ್ಷನ್ ತೆಗೆದು ಕಾವೇರಿ, ತುಂಗಾ ಅಂತ ಇಟ್ಟವ್ರೆ, ಕಾವೇರಿಗೆ ನೀಟ್ ಕೋಚಿಂಗು, ತುಂಗಾಗೆ ಪೇರೆಂಟ್ಸ್ ಮೀಟಿಂಗು. 2025ರ ಎಸ್ಸೆಸ್ಸೆಲ್ಸಿಲಿ 22 ಮಕ್ಕಳು 625ಕ್ಕೆ 625 ತಗೊಂಡ್ರು, ಹಂಗೆ ತಗೊಳ್ಳೋ ಮಕ್ಕಳ ಮುಖ ಸರ್ಕಲ್ಲಿನ ಫ್ಲೆಕ್ಸ್ ಮೇಲೆ ಬರತ್ತೆ, ಅದರ ಕೆಳಗೆ ಬಸ್ಸಿಗೆ ಕಾಯೋ ಮಿಕ್ಕ ಮಕ್ಕಳಿಗೆ ಅದೇ ಸಮಾಲೋಚನೆ. ಅದೇ ವರ್ಷ ಕಲಬುರಗಿ ಶೇ. 42.43 ಬಂದು ಕೊನೇ ಸ್ಥಾನ. ಕೊನೇಗೆ ಬಂದ ಜಿಲ್ಲೆಲಿ ಏನಾಗತ್ತೆ ಗೊತ್ತಲ್ಲ, ಮೇಲಿನೋರು ಡಿಡಿಪಿಐಗೆ ಬೈತಾರೆ, ಅವರು ಬಿಇಒಗೆ, ಬಿಇಒ ಎಚ್ಚೆಮ್ಮಿಗೆ, ಎಚ್ಚೆಮ್ ಮೇಷ್ಟ್ರಿಗೆ, ಮೇಷ್ಟ್ರು ಲಾಸ್ಟ್ ಬೆಂಚಿಗೆ. ಲಾಸ್ಟ್ ಬೆಂಚಿನ ಹಿಂದೆ ಗೋಡೆ ಇರೋದ್ರಿಂದ ಅಲ್ಲಿಗೆ ನಿಲ್ಲತ್ತೆ.

ಮೇಷ್ಟ್ರುಗಳದ್ದೂ ತಪ್ಪು ಅನ್ನೋಕಾಗಲ್ಲ ಬಿಡಿ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. 2025ರ ಅಕ್ಟೋಬರ್ 10ಕ್ಕೆ ಸರ್ಕಾರಿ ಸ್ಕೂಲಲ್ಲಿ ಮಕ್ಕಳೇ ಇರ್ಲಿಲ್ಲ, ಜಾತಿ ಸಮೀಕ್ಷೆ ಮುಗೀಲಿಲ್ಲ ಅಂತ ದಸರಾ ರಜೆನ 18ರವರೆಗೂ ಎಳೆದಿದ್ರು, ಮೇಷ್ಟ್ರುಗಳು ಕರೆಂಟ್ ಮೀಟರ್ ಹತ್ರ ಅಂಟಿಸಿದ ಸ್ಟಿಕ್ಕರ್ ಹುಡುಕ್ಕೊಂಡು, ನಾಯಿ ತಪ್ಪಿಸ್ಕೊಂಡು, ಬರದೇ ಇರೋ ಒಟಿಪಿಗೆ ಕಾಯ್ತಾ ಬೀದೀಲಿದ್ರು. ಆಘಾತದ ತರಬೇತಿ ಅಂದ್ರೆ ಅದೇ ಪ್ರಾಕ್ಟಿಕಲ್ಲು.

ಈಗ ಸ್ಕೂಲ್ ಗೋಡೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಪೋಸ್ಟರ್ ಅಂಟಿಸವ್ರೆ, 14416, ಫ್ರೀ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, ನಿಜಕ್ಕೂ ಒಳ್ಳೇ ನಂಬರು, ಬರ್ಕಳಿ. ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡಿದೆ, ಮೊಬೈಲ್ ತಂದರೆ ಜಪ್ತಿ. ಒಂದ್ ಹುಡುಗಿ ಧೈರ್ಯ ಮಾಡಿ ಎಚ್ಚೆಮ್ ರೂಮಿಗೆ ಹೋಗಿ ಒಂದ್ ಫೋನ್ ಮಾಡ್ಬೇಕಿತ್ತು ಸಾರ್ ಅಂದ್ಳಂತೆ. ಎಚ್ಚೆಮ್ ಒಳ್ಳೇ ಮನುಷ್ಯ, ತಮ್ಮ ಮೊಬೈಲ್‌ನೇ ಕೊಟ್ಟು ಕುರ್ಚಿ ಎಳೆದು ಕೂರಿಸಿದ್ರಂತೆ.

"ಸ್ಪೀಕರ್ ಹಾಕಮ್ಮ, ನಾವೂ ಕೇಳ್ತೀವಿ. ಏ, ಪಿಟಿ ಮೇಷ್ಟ್ರುನ್ನ ಕರೀರೋ."